ಚುಟ್ಟದ ಬೂದಿ

ಬಾವಿಯಿಂದ ನೀರನ್ನು ಸೇದುತ್ತೇವೆ. ಚುಟ್ಟದಿಂದ ಹೊಗೆಯನ್ನೂ ಸೇದುತ್ತೇವೆ. ಎರಡಕ್ಕೂ ಕನ್ನಡದಲ್ಲಿ ಕ್ರಿಯಾಪದ ಒಂದೇ. ಬಳ್ಳಾರಿಯಂಥ ಬಿಸಿಲ ಸೀಮೆಯಲ್ಲಿ ಹಗಲೆಲ್ಲ ಹಗ್ಗ ಎಳೆದು ತೋಳು ಸೋತ ರೈತ ಸಂಜೆ ಕಟ್ಟೆಯ ಮೇಲೆ ಕುಳಿತು ಚುಟ್ಟ ಹಚ್ಚುತ್ತಿದ್ದ. ಮೊದಲನೆಯ ಸೇದುವಿಕೆ ಅವನ ದುಡಿಮೆ, ಎರಡನೆಯದು ಅವನ ವಿರಾಮ. ಒಂದೇ ಮಾತು ಎರಡನ್ನೂ ಹೊತ್ತು ನಿಂತಿರುವುದು ನನಗೆ ಯಾವಾಗಲೂ ಸೋಜಿಗದ ಸಂಗತಿ.

ಬಿಡುವಿನ ವೇಳೆಯ ಹವ್ಯಾಸಗಳನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ, ಚುಟ್ಟದ ವಿಷಯ ಮಾತನಾಡುತ್ತೇನೆ ಎಂದೆ. ಅವರು ಒಂದು ಕ್ಷಣ ಸುಮ್ಮನಾದರು. ಹೊಗೆಸೊಪ್ಪಿನ ಪ್ರಚಾರಕ್ಕೆ ಹೊರಟಿಲ್ಲವೆಂದು ನಾನು ಮಾತು ಕೊಟ್ಟ ಮೇಲೆಯೇ ಒಪ್ಪಿದ್ದು. ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇನೆ. ಆದರೆ ಆ ಹೊಗೆಯಲ್ಲಿ ಸುಖವೇ ಇರಲಿಲ್ಲವೆಂದು ಸುಳ್ಳು ಹೇಳಿ ಉಳಿಸಿಕೊಳ್ಳಲಾರೆ. ಸುಖವಿತ್ತು. ಅದು ಬರಿಯ ಮತ್ತಿನ ಸುಖವಲ್ಲ. ಆಯ್ದು, ಮೂಸಿ, ಹೋಲಿಸಿ, ವಾದಿಸಿ ಪಡೆಯುವ ಸುಖ. ಹವಾನಾ ಸಿಗಾರುಗಳನ್ನು ಪೆಟ್ಟಿಗೆಯಲ್ಲಿಟ್ಟು ಅದರ ಬಣ್ಣ, ಕಂಪು, ಬೂದಿಗಳನ್ನು ತೌಲನಿಕವಾಗಿ ಚರ್ಚಿಸುವ ಶ್ರೀಮಂತ ರಸಿಕರ ಸುದ್ದಿಯನ್ನು ನೀವು ಓದಿರಬಹುದು. ಅಂಥದೇ ವಿದ್ವತ್ಸಭೆಯೊಂದು ಸಿರುಗುಪ್ಪದಲ್ಲಿ, ನಮ್ಮ ದೊಡ್ಡಪ್ಪನ ಮನೆಯ ಮುಂದಿನ ಕಟ್ಟೆಯ ಮೇಲೆ, ದಿನವೂ ದೀಪ ಹಚ್ಚುವ ಹೊತ್ತಿಗೆ ಸೇರುತ್ತಿತ್ತು.

ಸಭೆಯಲ್ಲಿ ಮೂವರು. ದೊಡ್ಡಪ್ಪ, ಭತ್ತದ ಮಂಡಿಯ ಗುಮಾಸ್ತರೊಬ್ಬರು, ಮತ್ತು ನಾಟಕದ ಕಂಪನಿಗಳೊಡನೆ ಊರೂರು ಸುತ್ತಿ ಕಡೆಗೆ ಕುರುಗೋಡಿನ ತಮ್ಮ ಮನೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಮಗಳ ಊರಾದ ಸಿರುಗುಪ್ಪಕ್ಕೆ ಬಂದು ನೆಲೆಸಿದ್ದ ಹಾರ್ಮೋನಿಯಂ ಮೇಷ್ಟ್ರು. ನಾನು ಹತ್ತು ಹನ್ನೊಂದು ವರ್ಷದ ಹುಡುಗ. ತುಂಗಭದ್ರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಅದೂ ಚರ್ಚೆಯ ವಿಷಯವೇ. ಗಾಳಿ ಜೋರಾಗಿದ್ದರೆ ಚುಟ್ಟ ಒಂದು ಮಗ್ಗುಲಿಗೆ ಉರಿದು ಕೆಡುತ್ತದೆ, ಆ ದಿನದ ತೀರ್ಪನ್ನು ಲೆಕ್ಕಕ್ಕೆ ಹಿಡಿಯಬಾರದು.

ಅವರ ಕ್ರಮ ಹೀಗಿತ್ತು. ಯಾರಾದರೂ ಒಬ್ಬರು ಹೊಸ ಎಲೆ ತಂದಿರಬೇಕು. ಎಂಜಲಿನ ಮಾತಾದ್ದರಿಂದ ಒಂದೇ ಚುಟ್ಟ ಕೈಯಿಂದ ಕೈಗೆ ಹೋಗುವಂತಿಲ್ಲ. ಒಂದೇ ಎಲೆಯ ಕಟ್ಟಿನಿಂದ ಮೂರನ್ನು ಸುತ್ತಬೇಕು. ಎಲೆಗೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಮುಚ್ಚಿಡುವುದು, ಮೆತ್ತಗಾದ ಮೇಲೆ ನಡುವಿನ ದಂಟನ್ನು ಹರಿಯದಂತೆ ಸೀಳಿ ತೆಗೆಯುವುದು, ಚೂರು ಎಲೆಗಳನ್ನು ಒಳಗೆ ಉದ್ದಕ್ಕೆ ಜೋಡಿಸಿ, ತೂತಿಲ್ಲದ ನಯವಾದ ಎಲೆಯೊಂದನ್ನು ಮೇಲೆ ಓರೆಯಾಗಿ ಸುತ್ತುತ್ತ ಬರುವುದು, ತುದಿಯನ್ನು ಮಡಚಿ ಸಿಕ್ಕಿಸುವುದು ಅಥವಾ ದಾರದಿಂದ ಬಿಗಿಯುವುದು. ಬಿಗಿ ಹೆಚ್ಚಾದರೆ ಹೊಗೆ ಬರುವುದಿಲ್ಲ. ಸಡಿಲವಾದರೆ ಗಳಿಗೆಯಲ್ಲಿ ಉರಿದು ನಾಲಗೆ ಸುಡುತ್ತದೆ. ದೊಡ್ಡಪ್ಪನ ಬೆರಳುಗಳು ವಾತದಿಂದ ಸೆಟೆದಿದ್ದವು. ಆದ್ದರಿಂದ ಸುತ್ತುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಬೈಗುಳ, ಆಮೇಲೆ ಒಂದು ದಿನ ಗುಮಾಸ್ತರು ನನ್ನ ಚುಟ್ಟವನ್ನು ಬೆಳಕಿಗೆ ಹಿಡಿದು ತಿರುಗಿಸಿ, “ಹುಡುಗನ ಕೈ ಕುದುರೈತ್ರಿ” ಎಂದರು. ಶಾಲೆಯ ಯಾವ ಬಹುಮಾನವೂ ನನಗೆ ಅಷ್ಟು ಹೆಮ್ಮೆ ತಂದದ್ದಿಲ್ಲ.

ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಮೌನ. ಮೊದಲ ಎರಡು ದಮ್ಮಿನ ಮೇಲೆ ಅಭಿಪ್ರಾಯ ಹೇಳುವುದು ಅವಿವೇಕವೆಂದು ಗಣನೆ. ಆಮೇಲೆ ದೊಡ್ಡಪ್ಪ, “ಹೆಂಗೈತಿ ಮೇಷ್ಟ್ರೆ?” ಎನ್ನಬೇಕು. “ಬಾಯಾಗ ಸವಿ ಐತಿ ಗೌಡ್ರೆ. ಆದರ ಅರ್ಧ ದಾಟಿದ ಮ್ಯಾಲೆ ಕಡು ಆಗ್ತೈತಿ ನೋಡ್ರಿ.” ಈ ‘ಕಡು’ ಎಂಬುದು ಘಾಟಿನಿಂದ ಬೇರೆ. ಘಾಟು ಮೂಗಿನದು, ಕಡು ಎನ್ನುವುದು ಗಂಟಲಿನದು. ಒಗರು ಬಂದರೆ ಎಲೆ ಸರಿಯಾಗಿ ಹದವಾಗಿಲ್ಲವೆಂದು ಅರ್ಥ. ಹಸಿ ವಾಸನೆ ಬಂದರೆ ವ್ಯಾಪಾರಿ ಅವಸರಪಟ್ಟಿದ್ದಾನೆ. ತುಸು ಸಿಹಿಯಾದರೆ ಗುಮಾಸ್ತರಿಗೆ ಸಂಶಯ: ಬೆಲ್ಲದ ನೀರು ಚಿಮುಕಿಸಿ ಮೋಸ ಮಾಡಿದ್ದಾನೆ! ಈ ಮಾತುಗಳ ನಡುವಿನ ಸೂಕ್ಷ್ಮ ಭೇದಗಳನ್ನು ನಾನು ಅಲಂಕಾರಶಾಸ್ತ್ರವನ್ನು ಓದುವುದಕ್ಕೆ ಮೊದಲೇ ಕಲಿತೆ. ‘ಧ್ವನಿ’ ಎಂಬ ಮಾತು ಮುಂದೆ ಕಾಲೇಜಿನಲ್ಲಿ ಬಂದಾಗ, ಹೊಗೆ ಬಿಟ್ಟಾದ ಮೇಲೆ ಅಂಗುಳಿನಲ್ಲಿ ಉಳಿಯುತ್ತದೆಂದು ಮೇಷ್ಟ್ರು ಹೇಳುತ್ತಿದ್ದ ಆ ‘ಹಿಂಬದಿಯ ರುಚಿ’ ನೆನಪಾಗಿ ನಕ್ಕಿದ್ದುಂಟು.

ಕೊನೆಯ ಪರೀಕ್ಷೆ ಬೂದಿಯದು. ಒಳ್ಳೆಯ ಚುಟ್ಟದ ಬೂದಿ ಉದುರುವುದಿಲ್ಲ. ಎಲೆಯ ಆಕಾರವನ್ನೇ ಉಳಿಸಿಕೊಂಡು ಬೆರಳಗಲ, ಎರಡು ಬೆರಳಗಲ ಹಾಗೆಯೇ ನಿಲ್ಲುತ್ತದೆ. ಕೊಡವಿದರೆ ಸೋತಂತೆ. ಮೂವರೂ ಮಾತಿನ ಭರದಲ್ಲಿ ಕೈ ಬೀಸದಂತೆ ಎಚ್ಚರ ವಹಿಸುತ್ತಿದ್ದುದನ್ನು ಈಗಲೂ ಕಾಣಬಲ್ಲೆ. ಊರಿನ ಎಷ್ಟೋ ಜಗಳಗಳು ಆ ಕಟ್ಟೆಯ ಮೇಲೆ ಮೆಲುದನಿಯಲ್ಲಿ ಇತ್ಯರ್ಥವಾದದ್ದು ಬೂದಿ ಬೀಳಬಾರದೆಂಬ ಒಂದೇ ಕಾರಣಕ್ಕೆ ಎಂದು ನನ್ನ ಗುಮಾನಿ.

ಎಲೆ ಎಲ್ಲಿಂದ? ವರ್ಷಕ್ಕೊಮ್ಮೆ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಕಟ್ಟುಗಟ್ಟಲೆ ಕೊಳ್ಳುತ್ತಿದ್ದರು. ಉಳಿದಂತೆ ಆದವಾನಿಯ ಕಡೆಯಿಂದ ಬರುತ್ತಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬದಲಾಯಿತು, ಎಲೆಯ ದಾರಿ ಬದಲಾಗಲಿಲ್ಲ. ನಮ್ಮ ಮಾತಿನಂತೆ ನಮ್ಮ ಹೊಗೆಯೂ ಅರ್ಧ ತೆಲುಗಿನದು. ‘ಚುಟ್ಟ’ ಎಂಬ ಹೆಸರೇ ತೆಲುಗಿನ ‘ಚುಟ್ಟು’ ಎಂಬುದರಿಂದ ಬಂದದ್ದು; ನಮ್ಮ ‘ಸುತ್ತು’ವಿನ ಒಡಹುಟ್ಟು. ಇಂಗ್ಲಿಷರ ‘ಚೆರೂಟ್’ ತಮಿಳಿನ ‘ಸುರುಟ್ಟು’. ಅದು ನಮ್ಮ ‘ಸುರುಟು’ವಿನ ನಂಟು. ತಿರುಚಿನಾಪಳ್ಳಿಯ ಸುರುಟ್ಟು ಎಂಥ ಕೀರ್ತಿ ಪಡೆದಿತ್ತೆಂದರೆ, 1887ರಲ್ಲಿ ಪ್ರಕಟವಾದ, ಕಾನನ್ ಡಾಯ್ಲ್ ಬರೆದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರನು ನೆಲದ ಮೇಲಿನ ಬೂದಿಯನ್ನು ಕಂಡು, ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿಯದೆಂದು ಹೇಳುತ್ತಾನೆ. ಮುಂದಿನ ಕಾದಂಬರಿಯಲ್ಲಿ, 140 ಬಗೆಯ ಹೊಗೆಸೊಪ್ಪಿನ ಬೂದಿಗಳನ್ನು ಕುರಿತು ತಾನೊಂದು ಪ್ರಬಂಧವನ್ನೇ ಬರೆದಿದ್ದೇನೆಂದು ಜಂಬ ಕೊಚ್ಚಿಕೊಳ್ಳುತ್ತಾನೆ. ನಮ್ಮ ಗುಮಾಸ್ತರ ಮುಂದೆ ಅವನು ಅಷ್ಟೇನೂ ಅಲ್ಲ.

ಗಿಡವೇನೋ ಹೊರಗಿನದು. 1492ರಲ್ಲಿ ಕೊಲಂಬಸನ ಜೊತೆಗಾರರು ಕ್ಯೂಬಾ ದ್ವೀಪದಲ್ಲಿ ಎಲೆಯ ಸುರುಳಿಗೆ ಕಿಚ್ಚು ತಾಗಿಸಿ ಹೊಗೆ ಕುಡಿಯುವ ಜನರನ್ನು ಕಂಡರು. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಉತ್ತರದ ಮೊಗಲರಿಗೆ ಅದರ ರುಚಿ ತೋರಿಸಿದ ಪುಣ್ಯವೋ ಪಾಪವೋ ಕನ್ನಡ ನಾಡಿನದೇ. ಅಕ್ಬರನ ದೂತ ಅಸದ್ ಬೇಗ್ ವಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು ಬೆರಗಾಗಿ, 1604ರ ಸುಮಾರಿಗೆ ಅಲಂಕೃತವಾದ ಕೊಳವೆಯೊಂದಿಗೆ ಅದನ್ನು ಬಾದಶಹನ ಮುಂದೆ ತಂದಿಟ್ಟ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ವೈದ್ಯರು ಬೇಡವೆಂದರು, ಅಕ್ಬರ್ ಒಂದೆರಡು ದಮ್ಮು ಎಳೆದು ನೋಡಿದ, ದರ್ಬಾರಿನಲ್ಲಿ ವಾದ ಎದ್ದಿತು. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ಹೊಗೆಸೊಪ್ಪನ್ನು ಖಂಡಿಸಿ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿದ. ರಸಿಕನೂ ವೈದ್ಯನೂ ಮೊದಲ ದಿನದಿಂದಲೇ ಎದುರುಬದುರಾಗಿ ಕುಳಿತಿದ್ದಾರೆ, ನಡುವೆ ಹೊಗೆ.

ಕಟ್ಟೆಯ ಮೇಲೆ ವೈದ್ಯನ ಪಕ್ಷ ವಹಿಸುವವರು ಯಾರೂ ಇರಲಿಲ್ಲ. ಯಾರಾದರೂ ಆಕ್ಷೇಪಿಸಿದರೆ ಹಾರ್ಮೋನಿಯಂ ಮೇಷ್ಟ್ರು ಗುರಜಾಡ ಅಪ್ಪಾರಾಯರ ‘ಕನ್ಯಾಶುಲ್ಕ’ ನಾಟಕದ ಗಿರೀಶನನ್ನು ಕರೆತರುತ್ತಿದ್ದರು. ಚುಟ್ಟದ ಆ ಮಹಾಪಂಡಿತ ಹೇಳುವ ಪದ್ಯದ ಪ್ರಕಾರ, ಗರುಡ ಅಮೃತವನ್ನು ಹೊತ್ತು ತರುವಾಗ ನೆಲಕ್ಕೆ ಬಿದ್ದ ಹನಿಯೇ ಹೊಗೆಸೊಪ್ಪಿನ ಗಿಡವಾಯಿತಂತೆ. ನಾಟಕ ಮೊದಲು ರಂಗಕ್ಕೆ ಬಂದದ್ದು 1892ರಲ್ಲಿ. ಗಿರೀಶ ಎಂಥ ಲಫಂಗನೆಂಬುದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಾಕ್ಷಿಗೆ ಅವನೇ ಬೇಕು.

ನಾನು ಸ್ವತಃ ಸೇದಿದವನಲ್ಲ. ಸುತ್ತಿದವನು, ಮೂಸಿದವನು. ಕಾರಣವನ್ನು ಆಮೇಲೆ ಹೇಳುತ್ತೇನೆ. ಆದರೂ ಕೆಲವು ವರ್ಷಗಳ ಹಿಂದೆ ಬಳ್ಳಾರಿಯ ಕೋಟೆಗುಡ್ಡದ ಕೆಳಗೆ ಮನೆ ಮಾಡಿರುವ ಗೆಳೆಯರೊಬ್ಬರು ನನ್ನನ್ನು ಕರೆಸಿಕೊಂಡರು. ವಿದೇಶದಿಂದ ಬಂದಿದ್ದ ಅವರ ಮಗ ಒಂದು ಹವಾನಾ ಸಿಗಾರನ್ನು ತಂದಿದ್ದ. ಅದರ ಪಕ್ಕದಲ್ಲಿ ದಿಂಡಿಗಲ್ಲಿನ ಸುರುಟ್ಟು ಒಂದು. ಮತ್ತೆ ಕೌಲ್‌ಬಜಾರಿನಿಂದ ತರಿಸಿದ ಎಲೆಯಿಂದ ನಾನೇ, ಐವತ್ತು ಚಿಲ್ಲರೆ ವರ್ಷಗಳ ಮೇಲೆ, ಮತ್ತೆ ಸುತ್ತಿದ ಚುಟ್ಟ ಒಂದು. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷಿದ್ಧವಾದ್ದರಿಂದ ಸಭೆ ಸೇರಿದ್ದು ಮನೆಯ ಮಾಳಿಗೆಯ ಮೇಲೆ. ಸೇದುವವರು ಮೂವರು ನಿವೃತ್ತರು, ನಾನು ತೀರ್ಪುಗಾರ.

ಹವಾನಾದ ಮೈ ನೋಡಿ ನನಗೆ ಸಂಕೋಚವಾಯಿತು. ನರವೊಂದೂ ಎದ್ದು ಕಾಣದ, ಎಣ್ಣೆ ಸವರಿದಂಥ ಮೇಲೆಲೆ. ಒತ್ತಿದರೆ ಎಲ್ಲೆಡೆಯೂ ಒಂದೇ ಸಮನಾದ ಬಿಗಿ. ಕ್ಯೂಬಾದ ಪಶ್ಚಿಮ ತುದಿಯ ವುಏಲ್ತಾ ಆಬಾಹೋ ಎಂಬ ಸೀಮೆಯ ಎಲೆಗೆ ಹೆಚ್ಚು ಹೆಸರು. ಕೊಯ್ದ ಎಲೆಯನ್ನು ನೆರಳಿನ ಗಾಳಿಯಲ್ಲಿ ಒಣಗಿಸಿ, ರಾಶಿ ಒಟ್ಟಿ, ತನ್ನ ಕಾವಿನಲ್ಲಿ ತಾನೇ ಮಾಗುವಂತೆ ಬಿಡುತ್ತಾರೆ. ಹಾಗೆ ಮಾಗುವಾಗ ಒಗರೂ ಖಾರವೂ ಇಳಿದು ಕಂಪು ಏರುತ್ತದೆ. ಗೋದಾವರಿಯ ನಡುಗಡ್ಡೆಗಳಲ್ಲಿ ಬೆಳೆಯುವ ಲಂಕೆಯ ಹೊಗೆಸೊಪ್ಪು ಇನ್ನೊಂದು ಜಾತಿ. ಹೊಳೆಯ ಮೆಕ್ಕಲು ಮಣ್ಣಿನ ದಪ್ಪ ಎಲೆ, ಆಂಧ್ರದ ಚುಟ್ಟಕ್ಕೆ ಹೆಸರಾದದ್ದು. ಹವಾನಾದಲ್ಲಿ ಒಳಗಿನ ಎಲೆ, ಅದನ್ನು ಹಿಡಿದಿಡುವ ಕಟ್ಟಿನ ಎಲೆ, ಹೊದಿಕೆಯ ಎಲೆ ಈ ಮೂರನ್ನೂ ಬೇರೆ ಬೇರೆಯಾಗಿ ಆರಿಸುತ್ತಾರೆ. ನಮ್ಮಲ್ಲಿ ಬಡತನವೇ ಆಯ್ಕೆ ಮಾಡುತ್ತಿತ್ತು: ಹರಿದದ್ದು ಒಳಗೆ, ಹರಿಯದೆ ಉಳಿದದ್ದು ಹೊರಗೆ.

ಗೆಳೆಯರ ಮಗ ಪೆಟ್ಟಿಗೆಯೊಳಗಿನ ಕಾಗದವನ್ನು ಓದಿ ಅನುವಾದಿಸುತ್ತ ಹೋದ. ದೇವದಾರು ಮರದ ಕಂಪು, ಕೋಕೋ, ಕೊನೆಯಲ್ಲಿ ಹದ ಮಾಡಿದ ಚರ್ಮದ ವಾಸನೆ. ಸೇದುತ್ತಿದ್ದವರಲ್ಲಿ ಒಬ್ಬರು ಬಾಯಿಂದ ಅದನ್ನು ತೆಗೆದು, “ಚರ್ಮದ ವಾಸನೆ ಅಂಬೋದು ಹೊಗಳಿಕೆನೋ ಬೈಗುಳನೋ?” ಎಂದು ಕೇಳಿದರು. ಇನ್ನೊಬ್ಬರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇದ್ದು, ಎರೆ ಹೊಲಕ್ಕೆ ಮೊದಲ ಮಳೆ ಬಿದ್ದಾಗಿನ ವಾಸನೆ ಎಂದರು. ಕಾಗದದಲ್ಲಿ ಅದು ಇರಲಿಲ್ಲ. ಅಲ್ಲಿದ್ದವರೆಲ್ಲ ತಲೆದೂಗಿದರು. ಹೋಲಿಕೆಯೆಂದರೆ ಇದೇ ಅಲ್ಲವೆ? ಕಾಣದ ದೇಶದ ಎಲೆಯೊಂದು ಸುಟ್ಟು ನಮ್ಮ ಹೊಲವನ್ನು ನೆನಪಿಗೆ ತರುತ್ತದೆ. ದಿಂಡಿಗಲ್ಲಿನದು ನಡುವಿನ ಸ್ಥಾನ ಪಡೆಯಿತು. ನನ್ನ ಚುಟ್ಟದ ಬೂದಿ ಮಾತ್ರ ಗಳಿಗೆಯೊಳಗೆ ಉದುರಿತು, ಕೈ ಮರೆತಿತ್ತು.

ಹವಾನಾದ ಬಗ್ಗೆ ಸಾಹಿತ್ಯಪ್ರಿಯರು ತಿಳಿಯಬೇಕಾದ ಮಾತೊಂದಿದೆ. ಅಲ್ಲಿಯ ಸಿಗಾರು ಕಾರ್ಖಾನೆಗಳಲ್ಲಿ ಸಾಲಾಗಿ ಕುಳಿತು ಎಲೆ ಸುತ್ತುವ ಕೆಲಸಗಾರರಿಗೆ ಎತ್ತರದ ಪೀಠದ ಮೇಲೆ ಕುಳಿತ ಒಬ್ಬಾತ ಪುಸ್ತಕ ಓದಿ ಹೇಳುವ ಸಂಪ್ರದಾಯ 1865ರಲ್ಲಿ ಮೊದಲಾಯಿತು. ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಓದುವವನಿಗೆ ಸಂಬಳ ಕೊಡುತ್ತಿದ್ದವರು ಕೆಲಸಗಾರರೇ, ತಮ್ಮ ಕೂಲಿಯಿಂದ. ಅಲೆಕ್ಸಾಂಡರ್ ಡ್ಯೂಮಾನ ‘ಮಾಂಟೆಕ್ರಿಸ್ಟೋ’ವನ್ನು ಅವರು ಎಷ್ಟು ಮೆಚ್ಚಿದರೆಂದರೆ ಆ ಹೆಸರು ಒಂದು ಸಿಗಾರಿಗೇ ಬಂತೆಂದು ಹೇಳುತ್ತಾರೆ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮಂಗಳೂರಿನಿಂದ ಕೆಳಗೆ ಕಣ್ಣೂರಿನ ಬೀಡಿ ಕಾರ್ಮಿಕರಲ್ಲಿಯೂ ಇದೇ ಪದ್ಧತಿ ಇತ್ತು. ಒಬ್ಬ ಗಟ್ಟಿಯಾಗಿ ಓದುತ್ತಾನೆ. ಉಳಿದವರು ಅವನ ಪಾಲಿನ ಬೀಡಿಯನ್ನೂ ಸುತ್ತಿಕೊಡುತ್ತಾರೆ. 1966ರ ಬೀಡಿ ಮತ್ತು ಸಿಗಾರು ಕಾರ್ಮಿಕರ ಕಾಯಿದೆ ಜಾರಿಗೆ ಬರುವ ಹೊತ್ತಿಗೆ ಮಂಗಳೂರಿನ ಧಣಿಗಳು ಕಣ್ಣೂರಿನ ಕೆಲಸವನ್ನು ನಿಲ್ಲಿಸಿದಾಗ, ಕೆಲಸ ಕಳೆದುಕೊಂಡವರು ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಅಲ್ಲಿಯೂ ಓದು ಮುಂದುವರಿಯಿತು. ದಿನವಿಡೀ ಎಲೆಯ ಧೂಳನ್ನು ಮೂಗಿಗೆ ಎಳೆದುಕೊಳ್ಳುತ್ತ ಕಾದಂಬರಿ ಕೇಳಿದವರನ್ನು ನೆನೆದಾಗ, ನಮ್ಮ ಓದು ಬಹಳ ಅಗ್ಗವಾಗಿ ದೊರೆತದ್ದೆನಿಸುತ್ತದೆ.

ಈಗ ನಾನು ಮುಂದೂಡುತ್ತ ಬಂದ ಮಾತಿಗೆ ಬರಬೇಕು.

ಚುಟ್ಟ ಸೇದುವವರಿಗೆ ಒಂದು ಸಮಾಧಾನವಿತ್ತು: ನಾವು ಸಿಗರೇಟಿನವರ ಹಾಗೆ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ, ಅಪಾಯವಿಲ್ಲ ಎಂಬುದು. ಎಳೆದುಕೊಳ್ಳದಿರುವುದು ನಿಜ, ಅದಕ್ಕೆ ಕಾರಣವೂ ಇದೆ. ಹೀಗೆ ಮಾಗಿಸಿದ ಎಲೆಯ ಹೊಗೆ ಕ್ಷಾರಗುಣದ್ದು. ಅದರ ನಿಕೋಟಿನ್ ಬಾಯಿಯ ತೆಳುಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಸಿಗರೇಟಿನ ಹೊಗೆ ಆಮ್ಲಗುಣದ್ದಾದ್ದರಿಂದ ಪುಪ್ಪುಸಕ್ಕೆ ಇಳಿಯದೆ ತೃಪ್ತಿಯಿಲ್ಲ. ಆದರೆ ಯಾವ ಬಾಯಲ್ಲಿ ಹೊಗೆಯನ್ನು ಆಡಿಸಿ ರುಚಿ ನೋಡುತ್ತೇವೆಯೋ ಆ ಬಾಯೇ ಅದರ ವಿಷವನ್ನೂ ಉಣ್ಣುತ್ತದೆ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರು ಸಿಗಾರಿನಿಂದಲೂ ಬರುತ್ತದೆಂಬುದರಲ್ಲಿ ಇಂದು ಸಂಶಯವಿಲ್ಲ. ಆಂಧ್ರದ ಶ್ರೀಕಾಕುಳಂ ಕಡೆ ಹೆಂಗಸರು ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ‘ಅಡ್ಡಪೊಗ’ ಎಂಬ ರೂಢಿಯುಂಟು. ಅವರ ಅಂಗುಳಿನಲ್ಲಿ ಕಾಣಿಸುವ ಕ್ಯಾನ್ಸರನ್ನು ವೈದ್ಯರು ದಶಕಗಳಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಸಿಗ್ಮಂಡ್ ಫ್ರಾಯ್ಡನಿಗೆ ದವಡೆಯ ಕ್ಯಾನ್ಸರು ಕಂಡದ್ದು 1923ರಲ್ಲಿ. 1939ರಲ್ಲಿ ಸಾಯುವವರೆಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಸಹಿಸಿದ, ಸಿಗಾರನ್ನು ಬಿಡಲಿಲ್ಲ. ಮನಸ್ಸಿನ ಒಳಹೊರಗನ್ನು ಬಲ್ಲವನು ಅವನು!

ದೊಡ್ಡಪ್ಪನಿಗೆ ಮೊದಲು ಕಂಡದ್ದು ಕೆನ್ನೆಯ ಒಳಭಾಗದಲ್ಲಿ ಬಿಳಿಯ ಮಚ್ಚೆ. ಸುಣ್ಣ ಸುಟ್ಟಿದೆ ಎಂದರು. ಮಚ್ಚೆ ಹುಣ್ಣಾಗಿ, ಹುಣ್ಣು ಗಂಟಾಗುವ ಹೊತ್ತಿಗೆ ನಾನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದೆ. ಬಳ್ಳಾರಿಯಲ್ಲಿ ತೋರಿಸಿ, ಅಲ್ಲಿಂದ ಬೆಂಗಳೂರಿಗೆ ಕರೆದುಕೊಂಡು ಹೋದೆವು. ದವಡೆಯ ಒಂದು ಭಾಗವನ್ನು ತೆಗೆದರು. ಎಷ್ಟು ವರ್ಷದಿಂದ ಸೇದುತ್ತಿದ್ದರು, ದಿನಕ್ಕೆ ಎಷ್ಟು ಎಂದು ವೈದ್ಯರು ನನ್ನನ್ನು ಕೇಳಿದರು. ವರ್ಷ ಗೊತ್ತಿರಲಿಲ್ಲ. ದಿನದ ಲೆಕ್ಕ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು; ಸುತ್ತಿ ಕೊಟ್ಟವನು ನಾನು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಎರಡು, ಸಂಜೆ ಮೂರು. ಆ ಪ್ರಶ್ನೆಗೆ ಉತ್ತರ ಹೇಳಿದಂದಿನಿಂದ ನನಗೆ ಸೇದಬೇಕೆನ್ನಿಸಲಿಲ್ಲ. ದೊಡ್ಡಪ್ಪ ಎಂದೂ ನನ್ನನ್ನು ಆ ದೃಷ್ಟಿಯಿಂದ ನೋಡಿದವರಲ್ಲ. ನಾನು ಒಮ್ಮೆ ಆ ಮಾತೆತ್ತಿದಾಗ ಕೈಯಾಡಿಸಿ ಸುಮ್ಮನಿರೆಂದರು. ಮಾತು ಆಗಲೇ ಸ್ಪಷ್ಟವಾಗುತ್ತಿರಲಿಲ್ಲ.

ಮರುವರ್ಷ ಕುರುಗೋಡಿನ ಜಾತ್ರೆಗೆ ಹೋಗಬೇಕೆಂದು ಅವರೇ ಹಟ ಮಾಡಿದರು. ಮೇಷ್ಟ್ರೂ ಬಂದರು, ಗುಮಾಸ್ತರು ಅಷ್ಟರಲ್ಲಿ ತೀರಿಕೊಂಡಿದ್ದರು. ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಬೋಳುಬಂಡೆಗಳ ಬೆಟ್ಟ, ಕೆಳಗೆ ಆಳೆತ್ತರವನ್ನು ಮೀರಿದ ಏಕಶಿಲೆಯ ದೊಡ್ಡ ಬಸವಣ್ಣ. ದೇವರಿಗೆ ಕೈಮುಗಿದು ಬಂದವರೇ ಹೊಗೆಸೊಪ್ಪಿನ ಸಾಲಿಗೆ ನಡೆದರು. ಒಂದೊಂದು ಅಂಗಡಿಯ ಮುಂದೆಯೂ ನಿಂತು, ಕಟ್ಟು ಬಿಚ್ಚಿಸಿ, ಎಲೆಯನ್ನು ಮೂಗಿಗೆ ಹಿಡಿದು ಮೂಸಿ, ತಲೆಯಾಡಿಸಿ ಮುಂದಕ್ಕೆ. ಐದನೆಯದೋ ಆರನೆಯದೋ ಅಂಗಡಿಯಲ್ಲಿ ಒಂದು ಕಟ್ಟನ್ನು ಮೆಚ್ಚಿದರು. ನೆರಳಿರುವ ಕಲ್ಲಿನ ಮೇಲೆ ಕುಳಿತು, ನನಗೆ ಸುತ್ತೆಂದು ಸನ್ನೆ ಮಾಡಿದರು. ನಾನು ಮೇಷ್ಟ್ರ ಮುಖ ನೋಡಿದೆ. ಅವರು ಬೇರೆ ಕಡೆ ನೋಡುತ್ತಿದ್ದರು.

ಒಂದೇ ಒಂದನ್ನು ಸುತ್ತಿದೆ. ದೊಡ್ಡಪ್ಪ ಅದನ್ನು ತಿರುಗಿಸಿ ನೋಡಿ ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಬೇಡವೆಂದರು, ಅವರು ಬಿಡಲಿಲ್ಲ. ಮೇಷ್ಟ್ರು ಹಚ್ಚಿದರು. ಹೊಗೆ ತನ್ನ ಕಡೆಗೆ ಬರುವಂತೆ ದೊಡ್ಡಪ್ಪ ಗಾಳಿಯ ಮಗ್ಗುಲಿಗೆ ಸರಿದು ಕುಳಿತರು. ಎರಡು ದಮ್ಮು ಆಗುವವರೆಗೆ, ಹಿಂದಿನ ಪದ್ಧತಿಯಂತೆ, ಯಾರೂ ಮಾತನಾಡಲಿಲ್ಲ. ಆಮೇಲೆ ಹೊಲಿಗೆ ಹಾಕಿದ ಬಾಯಿಯಿಂದ ಒಂದು ಸ್ವರ ಬಂತು. ಅಂಗಡಿಯವನಿಗೆ ಅದು ಏನೆಂದು ತಿಳಿಯಲಿಲ್ಲ. ಮೇಷ್ಟ್ರಿಗೆ ತಿಳಿಯಿತು.

“ಸವಿ ಐತ್ರಿ ಗೌಡ್ರೆ,” ಎಂದರು. “ಇನ್ನಾ ಅರ್ಧಕ್ಕ ಬಂದಿಲ್ಲ. ತಡೀರಿ.”

ಬೂದಿ ಆಗಲೇ ಬೆರಳಗಲಕ್ಕಿಂತ ಹೆಚ್ಚಾಗಿತ್ತು. ಇಬ್ಬರೂ ಅದನ್ನೇ ನೋಡುತ್ತ ಕುಳಿತಿದ್ದರು.

(ಆಕಾಶವಾಣಿಯ ಕೃಪೆಯಿಂದ)